ಬಾವಿ ಮೆಟ್ಟಿಲಿನ ಕೌದಿ

ನನ್ನನ್ನು ಮೊದಲ ಸಲ ಕಂಡ ದಿನ ಅವರು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನನ್ನ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ, "ಈ ಸೀರಿ ಹರದ ಮ್ಯಾಲೆ ನನಗ ಕೊಡ್ತೀಯೇನ ತಂಗಿ?" ಎಂದರು.

ಅದು ನನ್ನ ಮದುವೆಯ ಇಳಕಲ್ ಸೀರೆ. ಅದರ ಗಂಜಿ ಕೂಡ ಇನ್ನೂ ಹೋಗಿರಲಿಲ್ಲ. ನನ್ನ ಮುಖ ಸಣ್ಣದಾದದ್ದನ್ನು ಕಂಡು ಅವರ ಸೊಸೆ ಒಳಗಿನಿಂದಲೇ, "ಅತ್ತೀ, ಆಕಿ ಇನ್ನಾ ಚೀಲ ಇಳಿಸಿಲ್ಲ, ಆಗಳೆ ಸೀರಿ ಹರಿಯಾಕ ನಿಂತ್ರೇನ್ರಿ?" ಎಂದಳು. ಅವರಿಗೆ ಆ ಮಾತು ಕೇಳಿಸಿದಂತೆ ಕಾಣಲಿಲ್ಲ. "ನಿಧಾನಕ್ಕ ಹರೀಲಿ. ಅವಸರಿಲ್ಲ," ಎನ್ನುತ್ತ ಸೆರಗನ್ನು ನನ್ನ ಹೆಗಲಿಗೇ ಹೊದಿಸಿ ಒಳಗೆ ಹೋದರು.

ಎಂಬತ್ತರ ದಶಕದ ನಡುವಿನ ಮಾತು ಇದು. ನನ್ನ ಗಂಡನಿಗೆ ವಿದ್ಯುತ್ ಇಲಾಖೆಯಲ್ಲಿ ಕೆಲಸ, ಅಂಕಲಿಗೆ ವರ್ಗವಾಗಿತ್ತು. ಗದಗಿನ ಕಡೆಯವಳಾದ ನನಗೆ ಕೃಷ್ಣಾ ದಂಡೆಯ ಆ ಸೀಮೆ, ಕಬ್ಬಿನ ಗದ್ದೆಗಳ ಮೇಲೆ ಬೆಳಗ್ಗೆ ಬಹಳ ಹೊತ್ತಿನ ತನಕ ನಿಲ್ಲುವ ಮಂಜು, ಕನ್ನಡದೊಳಗೆ ಮರಾಠಿ ಬೆರೆಸಿ ಆಡುವ ಮಾತು ಎಲ್ಲವೂ ಹೊಸದು. ನಮಗೆ ಎರಡು ಕೋಣೆ ಬಾಡಿಗೆ ಕೊಟ್ಟವರು ಒಂದು ಜೈನ ಒಕ್ಕಲುತನದ ಮನೆಯವರು. ಮಗ ಹೊಲ ನೋಡಿಕೊಳ್ಳುತ್ತಿದ್ದ, ಸೊಸೆ ಮನೆ ನೋಡಿಕೊಳ್ಳುತ್ತಿದ್ದಳು. ಗಂಡ ತೀರಿದ ಮೇಲೆ ಅತ್ತೆ ಯಾವುದನ್ನೂ ನೋಡಿಕೊಳ್ಳಬೇಕಾದ ಅಗತ್ಯವಿರಲಿಲ್ಲ. ಅವರು ಕೌದಿ ಹೊಲಿಯುತ್ತಿದ್ದರು.

ನಮ್ಮ ಕಡೆ ಚಿಗವ್ವ ಎನ್ನುವುದಕ್ಕೆ ಅಲ್ಲಿ ಮಾವಶಿ ಎನ್ನುತ್ತಾರೆ. ಓಣಿಯ ಮಂದಿಗೆಲ್ಲ ಅವರು ಮಾವಶಿ. ನನಗೂ ಮಾವಶಿಯಾದರು.

ಮಾವಶಿ ಎಚ್ಚರವಿದ್ದಾಗಲೂ ಅರ್ಧ ನಿದ್ದೆಯಲ್ಲೇ ಇದ್ದವರಂತೆ ಕಾಣುತ್ತಿದ್ದರು. ತೆಳ್ಳಗೆ, ಬೆಳ್ಳಗೆ, ಸದ್ದಿಲ್ಲದೆ ನಡೆಯುವ ಹೆಂಗಸು. ಒಲೆಯ ಮೇಲೆ ಹಾಲಿಟ್ಟು ಅದರ ಮುಂದೆಯೇ ಕೂತಿರುತ್ತಿದ್ದರು. ಹಾಲು ಉಕ್ಕಿ ಬೂದಿಗೆ ಬಿದ್ದು ಚುರ್ ಎಂದಾಗ ಸೊಸೆ ಓಡಿ ಬರಬೇಕು. ಅಷ್ಟರ ತನಕ ಅವರು ಎದುರಿನ ಗೋಡೆಯ ಮೇಲೆ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಚೌಕವನ್ನು ನೋಡುತ್ತಿರುತ್ತಿದ್ದರು. "ಅತ್ತೀ, ಹಾಲ ಹೋತಲ್ರಿ," ಎಂದರೆ, "ಹೌದಲ್ಲ. ನಾ ಇಲ್ಲೇ ಇದ್ದೆ," ಎಂದು ತಮಗೇ ಆಶ್ಚರ್ಯವಾದವರಂತೆ ಹೇಳುತ್ತಿದ್ದರು. ಸೊಸೆ ಬೈಯುತ್ತಿರಲಿಲ್ಲ. ಪಾತ್ರೆ ತಿಕ್ಕುತ್ತ ನನ್ನ ಕಡೆ ನೋಡಿ ನಗುತ್ತಿದ್ದಳು.

ಬೆಳಗಿನ ಹೊತ್ತು ನಾನು ನಳದ ನೀರಿಗೆ ನಿಂತಾಗ ಅವರು ಕೊಡದ ಬಾಯಿಗೆ ಸೋಸುವ ಬಟ್ಟೆ ಕಟ್ಟುತ್ತ ರಾತ್ರಿಯ ಕನಸು ಹೇಳುತ್ತಿದ್ದರು. ಕನಸಿನಲ್ಲಿ ಮನುಷ್ಯರು ಕಡಿಮೆ, ಬಟ್ಟೆಗಳು ಹೆಚ್ಚು. ಹೊಳೆಯ ತುಂಬ ಯಾರದೋ ಹಸಿರು ಪಾತಳದ ಸೀರೆ ಹರಿದು ಹೋಗುತ್ತಿತ್ತಂತೆ. ಬಸದಿಯ ಮೆಟ್ಟಿಲ ಮೇಲೆ ಯಾರೋ ಹಳದಿ ಹಚ್ಚಡ ಹಾಸುತ್ತಲೇ ಇದ್ದರಂತೆ, ಅದು ಮುಗಿಯಲೇ ಇಲ್ಲವಂತೆ. ಮೊದಮೊದಲು ನಾನು, "ಇದರ ಅರ್ಥ ಏನ್ರಿ ಮಾವಶಿ?" ಎಂದು ಕೇಳುತ್ತಿದ್ದೆ.

"ಅರ್ಥ ನನಗೇನ ಗೊತ್ತ? ಹಳದಿ ಭಾಳ ಛಂದಿತ್ತ ನೋಡ," ಎನ್ನುತ್ತಿದ್ದರು.

ಮಧ್ಯಾಹ್ನ ಪಡಸಾಲೆಯಲ್ಲಿ ಬಟ್ಟೆಯ ಗಂಟು ಬಿಚ್ಚಿ ಕೂತರೆ ಸಂಜೆಯ ತನಕ ಏಳುತ್ತಿರಲಿಲ್ಲ. ಹಳೆಯ ಧೋತರ, ಸೀರೆ, ಮಕ್ಕಳ ಅಂಗಿ, ಯಾರದೋ ಕುಪ್ಪಸದ ತೋಳು. ಪ್ರತಿ ತುಂಡನ್ನೂ ಕೆನ್ನೆಗೆ ಒತ್ತಿ ನೋಡಿಯೇ ಜಾಗ ಗೊತ್ತುಮಾಡುವುದು. ಹೊಲಿದು ಮುಗಿದ ಕೌದಿಯನ್ನು ನೆಲಕ್ಕೆ ಹಾಸಿ ಬರಿಗಾಲಲ್ಲಿ ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಮೆಲ್ಲಗೆ ನಡೆಯುತ್ತಿದ್ದರು. ಎಲ್ಲಾದರೂ ಅಂಗಾಲಿಗೆ ಗಂಟು ಸಿಕ್ಕರೆ ಅಲ್ಲೇ ಕೂತು ಬಿಚ್ಚುವುದು. ಬೆಳಕು ಕೆಂಪಾಯಿತೆಂದರೆ ಅರ್ಧ ಹೊಲಿಗೆಯಲ್ಲೇ ಸೂಜಿ ಚುಚ್ಚಿಟ್ಟು ಏಳುತ್ತಿದ್ದರು. ಹೊತ್ತು ಮುಳುಗುವ ಮೊದಲು ಅವರ ಊಟ ಮುಗಿಯಬೇಕು.

ಆ ಓಣಿಯಲ್ಲಿ ಒಂದು ಮಹಿಳಾ ಮಂಡಳವಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಕೋಣೆಯಲ್ಲಿ ಸೇರುತ್ತಿದ್ದೆವು. ಅಧ್ಯಕ್ಷರು ಹೆಡ್‌ಮಾಸ್ತರರ ಹೆಂಡತಿ. ನಿಪ್ಪಾಣಿಯಲ್ಲಿ ಹೊಲಿಗೆ ತರಬೇತಿ ಮಾಡಿಕೊಂಡು ಬಂದವರು, ಕೈಗೆ ಗಡಿಯಾರ ಕಟ್ಟುವವರು, ಕೆಲಸದಲ್ಲಿ ಚುರುಕು. ಆ ವರ್ಷ ಚಳಿಗಾಲ ಹಿಡಿಯುವ ಹೊತ್ತಿಗೆ ಅವರು ಹೊಸದೊಂದು ವಿಚಾರ ತಂದರು.

"ಸಂಕ್ರಾಂತಿಗೆ ಎಳ್ಳುಬೆಲ್ಲ ಎಲ್ಲಾರೂ ಕೊಡ್ತೇವಿ. ಈ ವರ್ಷ ಅದರ ಜೋಡಿ ಕೌದಿ ಕೊಡೂಣು. ದೊಡ್ಡದಲ್ಲ, ತೊಟ್ಟಿಲಿಗೆ ಹಾಸೂವಷ್ಟು. ಶೇಡಬಾಳ ಮಂಡಳದವ್ರೂ ಮಾಡ್ತೇವಿ ಅಂದಾರ. ಅವರದು ನಮಗ, ನಮ್ಮದು ಅವರಿಗೆ. ಚೀಟಿ ಎತ್ತೂದು, ಯಾರದು ಯಾರಿಗೆ ಬರತೈತೋ ಬರವಲ್ತ್ಯಾಕ. ಆದ್ರ ಒಂದ ಮಾತ. ಸಾದಾ ಚೌಕ ತುಂಡ ಬ್ಯಾಡ. ನಿಮ್ಮ ನಿಮ್ಮ ತೌರಮನ್ಯಾಗ ಹಳೇ ಮಾದರಿ ಯಾವುದಿತ್ತ, ಅದನ್ನ ನೆನಪ ಮಾಡಿ ಮಾಡ್ರಿ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಾವಶಿ ಮಾತ್ರ ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಮನೆಗೆ ಬರುವ ದಾರಿಯಲ್ಲಿ ಅವರು ಒಂದೇ ಮಾತು ಆಡಿದರು: "ಶೇಡಬಾಳಕ್ಕ ಹೋಗತಾವಂತಲ್ಲ."

ಶೇಡಬಾಳದಲ್ಲಿ ಅವರ ಒಡಹುಟ್ಟಿದ ಅಕ್ಕ ಇದ್ದಾರೆಂಬುದು ನನಗೆ ಗೊತ್ತಾದದ್ದು ಆವತ್ತೇ, ಅದೂ ಸೊಸೆಯಿಂದ. ಅಕ್ಕತಂಗಿಯರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಮಗನ ಮದುವೆಗೂ ಅಕ್ಕನನ್ನು ಕರೆದಿರಲಿಲ್ಲ. ಅವರ ತಾಯಿ ಕೊನೆಗಾಲದಲ್ಲಿ ಹಿರಿಮಗಳ ಮನೆಯಲ್ಲಿದ್ದಳು. ತೀರಿಕೊಂಡಾಗ ಹೊಳೆ ತುಂಬಿತ್ತು, ಮಾವಶಿ ಹೋಗುವುದು ತಡವಾಯಿತು. ಹೋಗಿ ನೋಡಿದರೆ ತಾಯಿಯ ಕೌದಿಯನ್ನು ಅಕ್ಕ ಯಾರಿಗೋ ಕೊಟ್ಟುಬಿಟ್ಟಿದ್ದಳು. ಚಿಕ್ಕಂದಿನಲ್ಲಿ ಇಬ್ಬರೂ ಹೊದ್ದು ಮಲಗಿದ ಕೌದಿ. ಮಾವಶಿ ಆ ಮನೆಯಲ್ಲಿ ನೀರೂ ಕುಡಿಯದೆ ಎದ್ದು ಬಂದಿದ್ದರಂತೆ.

"ಒಂದ ಕೌದಿಗೆ ಇಷ್ಟೇನ?" ಎಂದೆ ನಾನು.

"ನಮ್ಮ ಅತ್ತಿಗೆ ಕೌದಿ ಅಂದ್ರ ನಿಮಗ ಗೊತ್ತಿಲ್ಲೇನ್ರಿ ಅಕ್ಕಾರ?" ಎಂದಳು ಸೊಸೆ.

ಮಾವಶಿ ತೊಟ್ಟಿಲ ಕೌದಿಗೆ ಆರಿಸಿಕೊಂಡದ್ದು ಅದೇ ಮಾದರಿ. ಅದಕ್ಕೆ ಅವರ ತೌರಿನಲ್ಲಿ ಬಾವಿ ಮೆಟ್ಟಿಲು ಎನ್ನುತ್ತಿದ್ದರಂತೆ. ನಡುವೆ ಒಂದು ಸಣ್ಣ ಚೌಕ, ಅದು ನೀರು. ಅದರ ನಾಲ್ಕೂ ಬದಿಗೆ ಪಟ್ಟಿ ಜೋಡಿಸುವುದು, ಅವುಗಳ ಹೊರಗೆ ಮತ್ತೆ ನಾಲ್ಕು ಪಟ್ಟಿ, ಹೀಗೆ ಅಂಚಿನ ತನಕ. ಎರಡು ಬದಿಗೆ ತಿಳಿ ಬಣ್ಣದವು, ಎರಡು ಬದಿಗೆ ಗಾಢ ಬಣ್ಣದವು. ಬಾವಿಯ ಒಂದು ಮಗ್ಗಲಿಗೆ ಬಿಸಿಲು, ಇನ್ನೊಂದು ಮಗ್ಗಲಿಗೆ ನೆರಳು.

"ನಾವಿಬ್ಬರೂ ಅದರಾಗ ಮಲಗತಿದ್ವಿ. ಥಂಡಿ ದಿನದಾಗ ಬಿಸಲಿನ ಮಗ್ಗಲಾ ನನಗ ಬೇಕಂತ ಜಗಳ ಮಾಡತಿದ್ವಿ. ಖರೇನ ಆ ಕಡೆ ಬೆಚ್ಚಗಿರತಿತ್ತ ತಂಗಿ. ನೀ ನಗಬ್ಯಾಡ," ಎಂದರು.

ನನಗೂ ಒಂದು ಕೌದಿ ಮಾಡುವುದಿತ್ತು. ನನ್ನ ತೌರಿನ ಮಾದರಿ ನನಗೆ ಒಂದೂ ನೆನಪಿರಲಿಲ್ಲ. ಆದ್ದರಿಂದ ಮಾವಶಿ ಮಾಡಿದ್ದನ್ನೇ ನೋಡಿ ಮಾಡುತ್ತೇನೆಂದು ಅವರ ಪಕ್ಕದಲ್ಲಿ ಕೂತೆ. ಅವರು ಪಟ್ಟಿಗಳನ್ನು ಕತ್ತರಿಸಿ ನೆಲದ ಮೇಲೆ ಜೋಡಿಸಿದರು, ನೋಡಿದರು, ಕೆಡಿಸಿದರು. ಮತ್ತೆ ಜೋಡಿಸಿದರು. ಒಂದಿಷ್ಟು ಹೊಲಿದು ಆದ ಮೇಲೆ ಎದ್ದು ನಿಂತು ಮೇಲಿನಿಂದ ನೋಡಿ ತಲೆಯಾಡಿಸಿದರು.

"ಕಣ್ಣ ಕೆಳಗ ಇಳಿಯವಲ್ದ. ಅವ್ವನ ಕೌದಿ ನೋಡಿದ್ರ ಬೀಳತೇನೋ ಅನಸತಿತ್ತ. ಇದು ತಾಟ ಆಗೇತಿ, ಬಾವಿ ಆಗಿಲ್ಲ."

ನಡುವಿನ ನೀರಿಗೆ ಕಪ್ಪು ಇಟ್ಟರು, ಬಿಳಿ ಇಟ್ಟರು, ನೀಲಿ ಇಟ್ಟರು. ತಾಟು ಚಪ್ಪಟೆ ತಾಟಾಗಿಯೇ ಉಳಿಯಿತು.

ಒಂದು ದಿನ ಊಟವಾದ ಮೇಲೆ, "ನಡಿ, ಬಾವಿ ನೋಡಿ ಬರೂಣು," ಎಂದರು. ಅವರ ಹೊಲದಲ್ಲಿ ಕಲ್ಲಿನಲ್ಲಿ ಕಟ್ಟಿದ ಹಳೆಯ ಮೆಟ್ಟಿಲ ಬಾವಿಯಿತ್ತು. ಕಬ್ಬಿನ ನಡುವಿನ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದೆವು. ಎರಡೂ ಕಡೆ ನಮಗಿಂತ ಎತ್ತರದ ಕಬ್ಬು. ಗಾಳಿ ಬಂದರೆ ಒಣಗಿದ ಎಲೆಗಳ ರವದಿ ಉಜ್ಜಿಕೊಂಡು ಸದ್ದು ಮಾಡುತ್ತಿತ್ತು. ಬಾವಿಯ ದಂಡೆಯಲ್ಲಿ ಮಾವಶಿ ಅಂಗಾತ ಮಲಗಿದರು, ಆಮೇಲೆ ಬೋರಲಾಗಿ ಹೊರಳಿ ಮೋರೆ ಮಾತ್ರ ಅಂಚಿನಿಂದ ಆಚೆ ಚಾಚಿದರು. ನನಗೂ ಹಾಗೇ ಮಲಗಲು ಹೇಳಿದರು. ಕಲ್ಲು ಬಿಸಿಲಿಗೆ ಕಾದು ಹಿತವಾಗಿತ್ತು. ಕೆಳಗೆ ಪಾರಿವಾಳಗಳು ಗೋಡೆಯ ಸಂದಿನಿಂದ ಹೊರಟು ನೀರಿನ ಮೇಲೆ ಒಂದು ಸುತ್ತು ಹಾಕಿ ಮತ್ತೆ ಸಂದಿಗೆ ಸೇರುತ್ತಿದ್ದವು. ಎಷ್ಟು ಹೊತ್ತು ಹಾಗೆ ಮಲಗಿದ್ದೆವೋ ಗೊತ್ತಿಲ್ಲ. ನನಗೆ ಜೊಂಪು ಹತ್ತಿತ್ತು. ಅವರ ದನಿ ಎಲ್ಲೋ ದೂರದಿಂದ ಬಂದಂತೆ ಕೇಳಿತು.

"ಕೆಳಗ ಹೋದಂಗ ಮೆಟ್ಟಿಲ ಸಣ್ಣ ಆಗತಾವ ನೋಡ. ನಾ ಎಲ್ಲಾ ಪಟ್ಟಿ ಸರೀ ಅಗಲ ಕತ್ತರಿಸೇನಿ."

ಮನೆಗೆ ಬಂದು ಮತ್ತೆ ಮೊದಲಿನಿಂದ ಹಿಡಿದರು. ಅಂಚಿನ ಪಟ್ಟಿ ಅಗಲ, ಒಳಗೆ ಹೋದಂತೆ ಸಣ್ಣ. ಈ ಸಲ ನನ್ನ ಕಣ್ಣು ನಿಜಕ್ಕೂ ಇಳಿಯಿತು. ಮೇಲೆ ನಿಂತು ನೋಡಿದರೆ ನೆಲದಲ್ಲಿ ಒಂದು ಬಾವಿ ತೆರೆದಂತಿತ್ತು. ಸೊಸೆ ಕೂಡ ಹಿಟ್ಟಿನ ಕೈಯಲ್ಲೇ ಬಂದು ನೋಡಿ, "ಅಯ್ಯ, ಕಾಲ ಜಾರೀತ್ರಿ ಅತ್ತೀ," ಎಂದಳು. ಮಾವಶಿಗೆ ಮಾತ್ರ ಸಮಾಧಾನವಿರಲಿಲ್ಲ. ಅದರ ಮೇಲೆ ಕೈ ಸವರುತ್ತ, "ಬಾವಿ ಆತ. ಆದ್ರ ಅವ್ವನ ಬಾವಿ ಅಲ್ಲ ಇದು. ಯಾರದೋ ಊರಂದು," ಎಂದರು.

"ನಿಮ್ಮ ಅಕ್ಕಗ ಕೇಳಿದ್ರ?" ಎಂದೆ.

ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ಪೋಣಿಸಿ, ಬಾವಿಯನ್ನು ಮಡಿಸಿ ಗಂಟಿನ ಮೇಲಿಟ್ಟು ಒಳಗೆ ಹೋದರು. ನನಗೆ, ಕೇಳಬಾರದ್ದನ್ನು ಕೇಳಿದೆನೇನೋ ಅನಿಸಿತು. ಆಮೇಲೆ ಕೆಲವು ದಿನ ಅವರು ಪಡಸಾಲೆಗೆ ಬರಲಿಲ್ಲ, ಕನಸನ್ನೂ ಹೇಳಲಿಲ್ಲ. ಅರ್ಧ ಹೊಲಿದ ಬಾವಿ ಗಂಟಿನ ಮೇಲೆ ಮಡಿಸಿದ್ದು ಹಾಗೇ ಇತ್ತು.

ಒಂದು ಮುಂಜಾನೆ ನಳದ ಹತ್ತಿರ ಬಂದು ನಿಂತರು. ಮಂಜು ಎಷ್ಟಿತ್ತೆಂದರೆ ಎದುರಿನ ಮನೆಯ ಬಾಗಿಲು ಕಾಣುತ್ತಿರಲಿಲ್ಲ.

"ಅವ್ವ ಕನಸಿನ್ಯಾಗ ಬಂದಿದ್ಲು. ಕೌದಿ ಹೊಲಿಯಾಕತ್ತಿದ್ಲು. ನನಗ ಬೆನ್ನ ಅಷ್ಟ ಕಾಣತಿತ್ತ. ಮುಂದ ಹೋಗಿ ನೋಡಬೇಕಂದ್ರ ಎಷ್ಟ ನಡದ್ರೂ ಬೆನ್ನ ಕಾಣತಿತ್ತ." ಕೊಡದ ಬಾಯಿಯ ಬಟ್ಟೆಯನ್ನು ಬಿಗಿದು ಕಟ್ಟಿದರು. "ಶೇಡಬಾಳದ ಬಸ್ ಎಷ್ಟಕ್ಕೈತಿ? ನೀ ಬರತೀಯೇನ ನನ್ನ ಜೋಡಿ?"

ಹೊಳೆ ದಾಟಿ, ದಾರಿಯಲ್ಲಿ ಬಸ್ಸು ಬದಲಿಸಿ ಶೇಡಬಾಳ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಮಾವಶಿ ದಾರಿಯುದ್ದಕ್ಕೂ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದರು. ಮಲಗಿದ್ದಾರೆ ಎಂದುಕೊಂಡಿದ್ದೆ. ಮಡಿಲಲ್ಲಿದ್ದ ಚೀಲದ ಹಿಡಿಕೆಯನ್ನು ಬೆರಳುಗಳು ಸುತ್ತುತ್ತ ಬಿಚ್ಚುತ್ತ ಇದ್ದವು.

ಅಕ್ಕ ಅಂಗಳದಲ್ಲಿ ಕೂತು ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದರು. ತಂಗಿಯ ಹಾಗೆ ಒಂದೂ ಇಲ್ಲ. ದೊಡ್ಡ ದೇಹ, ದೊಡ್ಡ ದನಿ, ಕೈ ಬಲು ಬೇಗ. ನಮ್ಮನ್ನು ನೋಡಿದರು. ಮೊರ ನಿಲ್ಲಲಿಲ್ಲ. ಎರಡು ಸಲ ಹೊಟ್ಟು ಹಾರಿಸಿ, ತಂಗಿಯನ್ನು ಬಿಟ್ಟು ನನ್ನ ಮೋರೆ ನೋಡಿ ಕೇಳಿದರು.

"ಎಲ್ಲಿಂದ ಬಂದ್ರಿ?"

"ಅಂಕಲಿಯಿಂದರಿ. ನಾ ಮಾವಶಿಯವರ ಮನ್ಯಾಗ ಬಾಡಿಗಿ ಇದ್ದೇನ್ರಿ."

"ಹಂಗೇನ. ನಿಮ್ಮ ಮಾವಶಿಗೆ ಕೇಳ, ಚಾ ನಡಿತೈತೋ ಹಾಲ ಬೇಕೋ."

ಮಾವಶಿಯೂ ನನ್ನ ಕಡೆಗೇ ತಿರುಗಿ, "ಚಾ ಸಾಕಂತ ಹೇಳ," ಎಂದರು.

ಚಹಾ ಬಂತು. ನಾನು ನಡುವೆ ಕೂತೆ. ಹೊಲದ ವಿಚಾರ, ಮೊಮ್ಮಕ್ಕಳ ವಿಚಾರ, ಮಂಡಿನೋವಿನ ವಿಚಾರ ಎಲ್ಲವೂ ನನ್ನ ಮೂಲಕವೇ ಈ ಕಡೆಯಿಂದ ಆ ಕಡೆಗೆ ಹೋಗಿ ಬಂದವು. ಇಬ್ಬರೂ ಒಂದು ಮಾರಿನ ದೂರದಲ್ಲಿ ಕೂತಿದ್ದರು. ನನಗೆ ನಗು ಬಂದರೂ ನಗುವ ಧೈರ್ಯ ಬರಲಿಲ್ಲ. ಕೊನೆಗೆ ಮಾವಶಿ ಚೀಲದಿಂದ ಅರ್ಧ ಹೊಲಿದ ಬಾವಿಯನ್ನು ತೆಗೆದು ನನ್ನ ಕೈಗೆ ಕೊಟ್ಟು, "ತೋರಸ," ಎಂದರು.

ನಾನು ಅದನ್ನು ಅಕ್ಕನ ಮುಂದೆ ಹಾಸಿದೆ. ಅವರು ಮೊರ ಕೆಳಗಿಟ್ಟರು. ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದರು. ಒಂದು ಪಟ್ಟಿಯಿಂದ ಮುಂದಿನ ಪಟ್ಟಿಗೆ ಬೆರಳು ಸರಿಸುತ್ತ ಹೋದವರು ತಟ್ಟನೆ ತಲೆಯೆತ್ತಿ ನೇರವಾಗಿ ತಂಗಿಗೇ ಹೇಳಿದರು:

"ಏ, ಇದೇನ ಮಾಡೀಯ? ಬಲಕ್ಕ ಸುತ್ತೀಯಲ್ಲ. ಅವ್ವಂದ ಎಡಕ್ಕ ಸುತ್ತತಿತ್ತ."

ಒಂದು ಪಟ್ಟಿಯ ತುದಿಯ ಮೇಲೆ ಮುಂದಿನ ಪಟ್ಟಿ ಏರಿ ಸುತ್ತುವುದು ಈ ಮಾದರಿಯ ರೀತಿ. ಮಾವಶಿ ದೇವರಿಗೆ ಸುತ್ತು ಹಾಕುವಂತೆ ಬಲಕ್ಕೆ ಸುತ್ತಿದ್ದರು.

"ಎಡಕ್ಕ ಯಾಕ?" ಎಂದರು ಮಾವಶಿ. ಅವರೂ ಈಗ ನನ್ನನ್ನು ಮರೆತಿದ್ದರು.

"ಅವ್ವ ಎಡಚಿ ಇದ್ಲು."

"ಅವ್ವ ಬಲಗೈಲೆ ಉಣ್ಣತಿದ್ಲು. ನಾ ನೋಡಿಲ್ಲೇನ?"

"ಉಣ್ಣೂದ ಬಲಗೈಲೆ. ಹೊಲಿಯೂದ ಎಡಗೈಲೆ. ಮಂದಿ ಬಂದ್ರ ಸೂಜಿ ಈ ಕೈಗೆ ದಾಟಸತಿದ್ಲು. ಅತ್ತಿಮನ್ಯಾಗ ಬೈಸಿಕೊಂಡಿದ್ಲಂತ. ನೀ ಸಣ್ಣಾಕಿ, ನಿದ್ದಿ ಹತ್ತಿರತಿತ್ತ ನಿನಗ. ನಾ ಎಚ್ಚರಿರತಿದ್ದೆ."

ಮಾವಶಿ ತಮ್ಮ ಎರಡೂ ಅಂಗೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕೂತರು. ತಾಯಿಯ ಬಗ್ಗೆ ಹೊಸದೊಂದು ಸಂಗತಿ ಇಷ್ಟು ವರ್ಷದ ಮೇಲೆ ತಿಳಿಯುವುದೆಂದರೆ, ಅವಳು ಒಂದು ಗಳಿಗೆ ಆ ಅಂಗಳಕ್ಕೆ ಬಂದು ಹೋದಂತೆಯೇ. ನನಗೆ ಹಾಗನಿಸಿತು. ಅವರಿಗೆ ಏನನಿಸಿತೋ. ಕೊನೆಗೆ ಕೇಳಿದರು, "ಆ ಕೌದಿ ಯಾರಿಗೆ ಕೊಟ್ಟಿ?"

ಅಕ್ಕ ಈ ಪ್ರಶ್ನೆಗಾಗಿ ವರ್ಷಗಟ್ಟಲೆ ಕಾದವರಂತೆ ಉತ್ತರ ಕೊಟ್ಟರು. ದನಿ ಮಾತ್ರ ಮೊದಲಿನಷ್ಟು ದೊಡ್ಡದಿರಲಿಲ್ಲ.

"ಅವ್ವ ಮೂರ ತಿಂಗಳ ಹಾಸಿಗಿ ಹಿಡದಿದ್ಲು. ಕೂಲಿಗೆ ಬರತಿದ್ಲಲ್ಲ ಒಬ್ಬಾಕಿ, ಅಕೀನೂ ನಾನೂ ಕೂಡಿ ಎಲ್ಲಾ ಬಳದೇವಿ. ನಾ ಮಗಳು, ನಾ ಮಾಡೂದ ಐತಿ. ಆಕಿಗೇನ ಬಂದಿತ್ತ? ಕಡೀ ದಿನಾ ಏನ ಬೇಕ ಕೇಳವಾ ಅಂದೆ. ಸೀರಿ ಕೊಡತೇನಿ, ಕಾಳ ಕೊಡತೇನಿ ಅಂದೆ. ಆಕಿ ಆ ಕೌದಿ ಬೇಡಿದ್ಲು. ಇಲ್ಲಂತ ಹೆಂಗ ಅನ್ಲಿ?"

"ನಾ ಬಂದಿದ್ರ ನಾನೂ ಮಾಡತಿದ್ದೆ."

"ಬರಲಿಲ್ಲಲ್ಲ."

"ಹೊಳಿ ತುಂಬಿತ್ತ."

"ಮೂರ ತಿಂಗಳೂ ತುಂಬಿರಲಿಲ್ಲ."

ನಾನು ಎದ್ದು ಹೋಗಲೇ ಎಂದುಕೊಂಡೆ. ಆ ಕಾಲಕ್ಕೆ ಮಾವಶಿಯ ಗಂಡನ ಕಾಲು ಮುರಿದಿತ್ತೆಂದು ಸೊಸೆ ನನಗೆ ಹೇಳಿದ್ದಳು. ಮಾವಶಿ ಅದನ್ನು ಹೇಳಬಹುದಿತ್ತು. ಹೇಳಲಿಲ್ಲ.

"ಹೌದ," ಎಂದರು. ಅಷ್ಟೇ.

ಅಕ್ಕ ಸ್ವಲ್ಪ ಹೊತ್ತು ತಂಗಿಯ ಮುಖವನ್ನೇ ನೋಡಿದರು. ಆಮೇಲೆ ಬಾವಿಯನ್ನು ತೊಡೆಯ ಮೇಲೆ ಎಳೆದುಕೊಂಡು, "ಕತ್ತರಿ ಎಲ್ಲೈತಿ? ಒಳಗಿಂದ ತಾ. ಗೂಡಿನ್ಯಾಗ ಇರತೈತಿ, ನಿನಗ ಗೊತ್ತಲ್ಲ," ಎಂದರು.

ಮಾವಶಿ ಒಳಗೆ ಹೋಗಿ ಕತ್ತರಿ ತಂದರು. ಇಬ್ಬರೂ ತಲೆಗೆ ತಲೆ ತಾಗಿಸಿ ಹೊಲಿಗೆ ಬಿಚ್ಚತೊಡಗಿದರು. ಬಿಚ್ಚುತ್ತ ಮಾವಶಿ, "ಈಗ ಎಲ್ಲೈತಿ ಅದು?" ಎಂದು ಕೇಳಿದರು. "ಆಕಿ ಮೊಮ್ಮಕ್ಕಳ ಹೊಚ್ಚಕೊಂಡ ಹರದ ಹಾಕಿದ್ರ. ಕೌದಿ ಮತ್ತ್ಯಾಕ ಇರತೈತಿ?" ಎಂದರು ಅಕ್ಕ. ನೀರಿನ ಬಣ್ಣ ಯಾವುದೆಂದು ಮಾವಶಿ ಕೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. "ನೀರಿಗೆ ಯಾವ ಬಣ್ಣ ಇರತೈತಿ ಬೇ? ಗಂಟಿನ್ಯಾಗ ಕಡೀಕ ಉಳದದ್ದ ಹಚ್ಚತಿದ್ಲು."

ಆವತ್ತು ಅಕ್ಕನ ಗಂಟಿನಲ್ಲಿ ಉಳಿದದ್ದು ಬಾಳೆಸುಳಿಯಂಥ ತಿಳಿ ಹಸಿರಿನ ತುಂಡು. ಅದೇ ನೀರಾಯಿತು. ಹೊತ್ತು ಮುಳುಗುವ ಮೊದಲು ನಮಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ ಬಸ್ಸಿಗೆ ಕಳಿಸಿದರು. ಬಸ್ಸಿನಲ್ಲಿ ಮಾವಶಿ ಈ ಸಲ ನಿಜವಾಗಿಯೂ ನಿದ್ದೆ ಹೋದರು. ಬಾಯಿ ಸ್ವಲ್ಪ ತೆರೆದಿತ್ತು. ಹೊಳೆಯ ಸೇತುವೆ ದಾಟುವಾಗ ಕೆಳಗೆ ನೀರು, ಮೇಲೆ ಆಕಾಶ ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು. ತೋರಿಸಬೇಕೆನಿಸಿದರೂ ನಾನು ಅವರನ್ನು ಎಬ್ಬಿಸಲಿಲ್ಲ.

ಸಂಕ್ರಾಂತಿ ಆದ ಮೇಲೆ ಶೇಡಬಾಳದ ಹೆಂಗಸರು ಟೆಂಪೋ ಮಾಡಿಕೊಂಡು ಅಂಕಲಿಗೆ ಬಂದರು. ಅಕ್ಕ ಆ ಮಂಡಳದ ಸದಸ್ಯರೇನಲ್ಲ, ಆದರೂ ಟೆಂಪೋದಲ್ಲಿ ಚಾಲಕನ ಪಕ್ಕದ ಸೀಟನ್ನೇ ಹಿಡಿದು ಬಂದಿದ್ದರು. ಎಳ್ಳುಬೆಲ್ಲ ಹಂಚುವಾಗ ಅಕ್ಕ ತಂಗಿಯ ಅಂಗೈಗೆ ಎಳ್ಳುಬೆಲ್ಲ ಹಾಕಿ, "ಎಳ್ಳುಬೆಲ್ಲಧಾಂಗ ಇರೂಣು," ಎಂದರು. ಅದು ಎಲ್ಲರೂ ಎಲ್ಲರಿಗೂ ಹೇಳುವ ಮಾತೇ. ಮಾವಶಿ ಅದನ್ನು ಬಾಯಿಗೆ ಹಾಕಿಕೊಳ್ಳಲು ಮರೆತು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು.

ಸ್ಟೀಲಿನ ತಂಬಿಗೆಯಲ್ಲಿ ಚೀಟಿ ಹಾಕಿ ಎತ್ತಿದರು. ಮಾವಶಿಯ ಬಾವಿ ಯಾರಿಗೆ ಹೋಗುತ್ತದೆಂದು ಎಲ್ಲರಿಗೂ ಕುತೂಹಲ. ಅದರ ಸುತ್ತ ಆಗಲೇ ಗುಂಪು ಸೇರಿತ್ತು. ಅದು ಒಬ್ಬ ಎಳೆ ಬಾಣಂತಿಗೆ ಬಂತು. ಅವಳು ಕೌದಿಯನ್ನು ಸರಿಯಾಗಿ ನೋಡಲೂ ಇಲ್ಲ. ತೊಡೆಯ ಮೇಲೆ ಅಳುತ್ತಿದ್ದ ಕೂಸನ್ನು ಅದರ ಮೇಲೆ ಮಲಗಿಸಿದಳು. ಕೂಸು ಅಳು ನಿಲ್ಲಿಸಿತು, ಮತ್ತು ನಡುವಿನ ಹಸಿರಿನಿಂದ ಹಿಡಿದು ಬಿಸಿಲಿನ ಮಗ್ಗಲಿನ ತನಕ ತೋಯಿಸಿಬಿಟ್ಟಿತು.

"ಅಯ್ಯ ತಂಗಿ, ಅದು ಗ್ವಾಡಿಗೆ ತೂಗ ಹಾಕೂವಂಥಾದ್ದ ಇತ್ತಲ್ಲ," ಎಂದು ನಮ್ಮ ಅಧ್ಯಕ್ಷರು ಸಂಕಟಪಟ್ಟರು.

ಅಕ್ಕ ತಂಗಿಯ ಕಡೆ ನೋಡಿದರು. "ಬಾವಿಗೆ ನೀರ ಬಂತಲ್ಲ ಬೇ," ಎಂದರು. ಮಾವಶಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಹಾಗೆ ಭುಜ ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಪಾಪ, ಬಾಣಂತಿ ಹೆದರಿ ಕೂಸನ್ನು ಎತ್ತಿಕೊಂಡಳು. ಮಾವಶಿ ಅವಳ ಹತ್ತಿರ ಹೋಗಿ ಕೌದಿಯನ್ನು ತಿರುಗಿಸಿ ಒಣ ಬದಿಯನ್ನು ಮೇಲೆ ಮಾಡಿ, ಕೂಸನ್ನು ಮತ್ತೆ ಮಲಗಿಸಿದರು.

ಮಾವಶಿಗೆ ಬಂದದ್ದು ಹೊಲಿಗೆ ಹೊಸದಾಗಿ ಕಲಿತವಳು ಯಾರೋ ಮಾಡಿದ ಕೌದಿ. ಹೊಲಿಗೆಗಳು ಬೆರಳುದ್ದ, ಒಂದು ಮೂಲೆ ಉಬ್ಬಿ ಗುಡ್ಡವಾಗಿತ್ತು. ಮನೆಗೆ ತಂದು ನೆಲಕ್ಕೆ ಹಾಸಿ ಎಂದಿನಂತೆ ಅದರ ಮೇಲೆ ನಡೆದು ನೋಡಿದರು. ಬಿಚ್ಚಿ ಸರಿಮಾಡುತ್ತಾರೆ ಎಂದುಕೊಂಡಿದ್ದೆ. "ಇರಲಿ. ಉಬ್ಬಿದ ಕಡೆ ತಲಿ ಇಟ್ರಾತ," ಎಂದರು. ಮಧ್ಯಾಹ್ನದ ನಿದ್ದೆಗೆ ಅದನ್ನೇ ದಿಂಬು ಮಾಡಿಕೊಂಡರು. ನಾನು ಹೊಲಿದದ್ದು ಯಾರಿಗೆ ಹೋಯಿತೋ, ಆ ಪುಣ್ಯಾತ್ಗಿತ್ತಿ ಎಂದೂ ದೂರು ಹೇಳಿ ಕಳಿಸಲಿಲ್ಲ.

ಆಮೇಲೆ ಅಂಕಲಿ ಮತ್ತು ಶೇಡಬಾಳದ ನಡುವೆ ಓಡಾಟ ಶುರುವಾಯಿತು. ಒಮ್ಮೆ ಇವರು ಹೋದರೆ ಒಮ್ಮೆ ಅವರು ಬರುತ್ತಿದ್ದರು. ಅಕ್ಕ ಬಂದರೆ ಮನೆಯಲ್ಲಿ ಹಾಲು ಉಕ್ಕುತ್ತಿರಲಿಲ್ಲ. "ನಿನ್ನ ಮಾರಿಮ್ಯಾಲೆ ಕಣ್ಣ ಅದಾವೋ ಇಲ್ಲೋ?" ಎಂದು ಅವರು ಗದರಿದರೆ ಮಾವಶಿ, "ಅದಾವ, ನೋಡಾಕತ್ತೇನಿ," ಎಂದು ಮತ್ತೆ ಗೋಡೆಯ ಬಿಸಿಲನ್ನೇ ನೋಡುತ್ತಿದ್ದರು. ದಿನವಿಡೀ ಇಬ್ಬರದೂ ವಾದ. ತೌರಿನ ಹಿತ್ತಲಲ್ಲಿದ್ದದ್ದು ನುಗ್ಗೆಯೋ ಬೇವೋ, ತಂದೆಯ ರುಮಾಲು ಕೆಂಪೋ ಬಿಳಿಯೋ. ಯಾವುದೂ ತೀರ್ಮಾನವಾದದ್ದು ನನಗೆ ನೆನಪಿಲ್ಲ. ನನಗೆ ಮಗಳು ಹುಟ್ಟಿದಾಗ ಇಬ್ಬರೂ ಕೂಡಿ ಕೂಸಿನ ತಲೆಗೆ, ಬೆನ್ನಿಗೆ ಹೊದಿಸುವ ಕುಂಚಿಗೆ ಹೊಲಿದು ತಂದಿದ್ದರು. ಅದರ ಒಳಬದಿಗೆ ನನ್ನ ಮದುವೆಯ ಸೀರೆಯ ಸೆರಗಿತ್ತು. ಸೀರೆ ಅಷ್ಟರಲ್ಲಿ ಹರಿದಿತ್ತು, ನಾನೇ ಒಯ್ದು ಕೊಟ್ಟಿದ್ದೆ.

ತೊಂಬತ್ತರ ದಶಕದ ಮೊದಲಲ್ಲಿ ನಮಗೆ ಅಥಣಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವಾಗ ಮಾವಶಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಹೋಗಿ ಕಾಲು ಮುಟ್ಟಿದೆ. "ನಿನ್ನಿ ಕನಸಿನ್ಯಾಗ ನೀ ಬಂದಿದ್ದಿ," ಎಂದರು. ಏನು ಕಂಡಿರಿ ಎಂದು ಕೇಳಿದೆ. "ಏನಿಲ್ಲ. ಸುಮ್ಮ ನಿಂತಿದ್ದಿ. ಹಸರ ಉಟ್ಟಿದ್ದಿ." ಮೊದಲೆರಡು ವರ್ಷ ಹೋಗಿ ಬಂದು ಮಾಡಿದೆ. ಆಮೇಲೆ ಮಗಳ ಶಾಲೆ, ಅತ್ತೆಯ ಕಾಯಿಲೆ, ಹೀಗೆ ಅಂಕಲಿ ದೂರವಾಯಿತು. ಮಾವಶಿ ಈಗ ಶೇಡಬಾಳದಲ್ಲೇ ಹೆಚ್ಚಾಗಿ ಇರುತ್ತಾರೆಂದು ಯಾರೋ ಹೇಳಿದರು.

ಒಂದು ಚಳಿಗಾಲದ ಮಧ್ಯಾಹ್ನ ಅಥಣಿಯ ನಮ್ಮ ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಒಬ್ಬರೇ. ದೇಹ ಇಳಿದುಹೋಗಿತ್ತು, ಕೈಯಲ್ಲಿ ಕೋಲು ಬಂದಿತ್ತು. ಓಣಿಯಲ್ಲಿ ವಿಚಾರಿಸುತ್ತ ವಿಚಾರಿಸುತ್ತ ಮನೆ ಹುಡುಕಿಕೊಂಡು ಬಂದಿದ್ದರು. ಒಳಗೆ ಕರೆದು ಕೂರಿಸಿದೆ. ನೀರು ಕುಡಿದರು, ಚಹಾ ಕುಡಿದರು. ಮಗಳನ್ನು ಕರೆದು ಗದ್ದ ಹಿಡಿದು ನೋಡಿದರು. ಅವರ ಮುಖ ನೋಡಿದಾಗಲೇ ತಿಳಿದಿತ್ತು.

"ನಿನಗ ಯಾರೂ ಹೇಳಿರೂದಿಲ್ಲ ಅನಸ್ತ. ಅದಕ್ಕ ಬಂದೆ," ಎಂದರು.

ಮಾವಶಿ ಬೇನೆ ಬಿದ್ದಿದ್ದರೇ ಎಂದು ಕೇಳಿದೆ.

"ಎಂಥಾ ಬ್ಯಾನಿ? ಏನಿಲ್ಲ. ಉಂಡ್ವಿ. ಪಡಸಾಲ್ಯಾಗ ಇಬ್ಬರೂ ಅಡ್ಡಾದ್ವಿ. ಯಾವಾಗಲೂ ಹಂಗಽ, ನಾ ಮಾತಾಡೂದು, ಆಕಿ ಕಣ್ಣ ಮುಚ್ಚಿ ಹೂಂ ಅನ್ನೂದು. ನಮ್ಮ ಹಿಂದಿನ ಮನಿ ಎಮ್ಮಿ ಈದಿತ್ತ, ಅದರ ಸುದ್ದಿ ಹೇಳಾಕತ್ತಿದ್ದೆ. ಹೂಂ ಅನ್ನಾಕತ್ತಿದ್ಲು. ನಡುವ ಹೂಂ ಅನ್ನೂದ ನಿಂತ್ತ."

ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ನನಗ ತಿಳೀತ. ಮಗ್ಗಲಾಗ ಮಲಗಿದಾಕಿಗೆ ತಿಳಿಯೂದಿಲ್ಲೇನ? ಏಳಬೇಕಿತ್ತ, ಮಂದೀನ ಕರೀಬೇಕಿತ್ತ. ಏಳಲಿಲ್ಲ. ಎಮ್ಮಿ ಸುದ್ದಿ ಇನ್ನಾ ಅರ್ಧಾ ಉಳದಿತ್ತ. ಪೂರಾ ಹೇಳಿ ಮುಗಿಸಿ, ಆಮ್ಯಾಲೆ ಎದ್ದೆ."

ಬಿಸಿಲು ಇಳಿಯುವ ಮೊದಲು ಹೊರಡಬೇಕೆಂದರು. ಬಸ್ ನಿಲ್ದಾಣದ ತನಕ ಅವರ ಕೈ ಹಿಡಿದು ನಡೆದೆ. ದಾರಿಯಲ್ಲಿ ಅವರು ನನಗೆ ಆ ಎಮ್ಮೆಯ ಸುದ್ದಿ ಹೇಳಿದರು. ನಾನು ಹೂಂ ಅನ್ನುತ್ತ ಹೋದೆ.